ಓಣಿಗೆ ಹೊಸ ರಸ್ತೆ ಬರುತ್ತದಂತೆ: ಬಳ್ಳಾರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಓಣಿಗೆ ರಸ್ತೆ ಬರುತ್ತದೆ ಅಂದ ಕೂಡಲೇ ನಾವು ಎರಡು ಗುಂಪಾಗುತ್ತೇವೆ. ಒಂದು ಗುಂಪು "ಬಂದಷ್ಟು ಬರಲಿ, ಬಾಯಿ ಬಿಟ್ಟರೆ ಅದೂ ಹೋಗುತ್ತದೆ" ಅನ್ನುತ್ತದೆ. ಇನ್ನೊಂದು ಗುಂಪು ಇಂಜಿನಿಯರ್ ಜೀಪಿನಿಂದ ಇಳಿಯುವ ಮುಂಚೆಯೇ ಕೂಗಾಡಲು ಶುರು ಮಾಡುತ್ತದೆ. ಇಬ್ಬರಿಂದಲೂ ಗಟಾರದ ಮಟ್ಟ ಒಂದಿಂಚೂ ಬದಲಾಗುವುದಿಲ್ಲ. ಕೌಲ್ ಬಜಾರ್ ಇರಲಿ, ಸತ್ಯನಾರಾಯಣಪೇಟೆ ಇರಲಿ, ನಿನ್ನೆ ಮೊನ್ನೆ ಎದ್ದ ಲೇಔಟ್ ಇರಲಿ, ಇಂಥ ಸಭೆಗಳಲ್ಲಿ ಏಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಸಭೆಗೆ ಹೋಗುವ ಮುಂಚೆ ಒಂದು ಸಲ ಓದಿಕೊಳ್ಳಿ. ನನ್ನ ಪ್ರಕಾರ ಜಗಳ ಆಡಲೇಬೇಕು. ಆದರೆ ಜಲ್ಲಿ ಬಂದು ಬಿದ್ದ ಮೇಲಲ್ಲ, ಅಂದಾಜು ಪಟ್ಟಿ ಅಂತಿಮ ಆಗುವ ಮುಂಚೆ.

ರಸ್ತೆ ಮಂಜೂರಾಗಿದೆ ಅಂತ ಎಲ್ಲರೂ ಹೇಳ್ತಾರೆ. ನಂಬಬಹುದಾ?

ಯಾವ ಹಂತದಲ್ಲಿದೆ ಅಂತ ಕೇಳಿ. ಮೊದಲು ಕ್ರಿಯಾ ಯೋಜನೆಯಲ್ಲಿ ಹೆಸರು ಬರಬೇಕು. ಆಮೇಲೆ ಇಂಜಿನಿಯರ್ ಅಳತೆ ತೆಗೆದು ಎಸ್ಟಿಮೇಟ್, ಅಂದರೆ ಅಂದಾಜು ಪಟ್ಟಿ ಮಾಡುತ್ತಾರೆ. ಅದಕ್ಕೆ ತಾಂತ್ರಿಕ ಮಂಜೂರಾತಿ, ನಂತರ ಟೆಂಡರ್, ಕೊನೆಗೆ ಕಂಟ್ರಾಕ್ಟರ್ ಕೈಗೆ ವರ್ಕ್ ಆರ್ಡರ್. "ಮಂಜೂರಾಗಿದೆ" ಅನ್ನುವ ಮಾತನ್ನು ಈ ಐದರಲ್ಲಿ ಯಾವುದಕ್ಕೆ ಬೇಕಾದರೂ ಹೇಳಿಬಿಡುತ್ತಾರೆ. ಕ್ರಿಯಾ ಯೋಜನೆಯಲ್ಲಿ ಮಾತ್ರ ಹೆಸರಿದ್ದರೆ ನಿಮ್ಮ ಮಾತಿಗೆ ಬೆಲೆ ಜಾಸ್ತಿ, ಯಾಕೆಂದರೆ ಎಲ್ಲವನ್ನೂ ಇನ್ನೂ ಬದಲಿಸಬಹುದು. ವರ್ಕ್ ಆರ್ಡರ್ ಆಗಿದ್ದರೆ ಏನು ಬದಲಿಸಬೇಕೆಂದರೂ ಹೊಸ ಕಡತ ಓಡಬೇಕು, ಅದು ಓಡುವಷ್ಟರಲ್ಲಿ ಕಂಟ್ರಾಕ್ಟರ್ ಕೆಲಸ ಮುಗಿಸಿರುತ್ತಾನೆ.

ಭೂಮಿಪೂಜೆ ಇದರಲ್ಲಿ ಯಾವ ಹಂತವೂ ಅಲ್ಲ. ತೆಂಗಿನಕಾಯಿ ಒಡೆದ ಮಾತ್ರಕ್ಕೆ ಟೆಂಡರ್ ಆಗಿದೆ ಅಂತ ಅಂದುಕೊಳ್ಳಬೇಡಿ.

ದುಡ್ಡು ಎಲ್ಲಿಂದ ಬರುತ್ತೆ? ಅದು ನಮಗ್ಯಾಕೆ ಬೇಕು?

ಬೇಕು. ದುಡ್ಡಿನ ಮೂಲ ಗೊತ್ತಾದರೆ ಯಾರನ್ನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ. ನಮ್ಮ ಊರಿನ ವಿಷಯದಲ್ಲಿ ಮೂಲಗಳು ಬೇರೆ ಊರಿಗಿಂತ ಸ್ವಲ್ಪ ಜಾಸ್ತಿಯೇ ಇವೆ. ಪಾಲಿಕೆಯ ಸ್ವಂತ ತೆರಿಗೆ ಹಣ, ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯದ ನಗರೋತ್ಥಾನ ಯೋಜನೆ, ಶಾಸಕರ ಮತ್ತು ಸಂಸದರ ನಿಧಿ ಎಲ್ಲ ಊರಿಗೂ ಇದ್ದದ್ದೇ. ಅದರ ಮೇಲೆ ನಮಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಸಂವಿಧಾನದ 371ಜೆ ವಿಧಿಯಿಂದ ಹುಟ್ಟಿದ ಮಂಡಳಿ ಅದು, ಕಚೇರಿ ಕಲಬುರಗಿಯಲ್ಲಿ. ಮೊದಲು ಹೈದರಾಬಾದ್ ಕರ್ನಾಟಕ ಅಂತಿತ್ತು, 2019ರಲ್ಲಿ ಹೆಸರು ಬದಲಾಯಿತು.

ಇನ್ನೊಂದು ಗಣಿ ದುಡ್ಡು. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೇ ಗುತ್ತಿಗೆಯವರು ರಾಯಲ್ಟಿಯ ಶೇ 30ರಷ್ಟು, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ 10ರಷ್ಟು ಇದಕ್ಕೆ ಕಟ್ಟಬೇಕು. ಆದರೆ ಇದರ ನಿಯಮದಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥವು ಮೊದಲ ಸಾಲಿನಲ್ಲಿವೆ, ರಸ್ತೆ ಎರಡನೇ ಸಾಲಿನಲ್ಲಿದೆ. "ಇಷ್ಟು ಗಣಿ ದುಡ್ಡು ಇದೆಯಲ್ಲ, ನಮ್ಮ ಓಣಿಗೆ ಯಾಕೆ ಕೊಡಲ್ಲ" ಅಂತ ಕೇಳುವ ಮುಂಚೆ ಇದು ನೆನಪಿರಲಿ. ಅಧಿಕಾರಿ ಕೊಡುವ ಉತ್ತರವೂ ಇದೇ ಆಗಿರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ.

ದುಡ್ಡು ಒಬ್ಬರದ್ದು, ಕೆಲಸ ಮಾಡಿಸುವವರು ಇನ್ನೊಬ್ಬರು ಆಗಿರಬಹುದು. ಲೋಕೋಪಯೋಗಿ ಇಲಾಖೆ, ನಿರ್ಮಿತಿ ಕೇಂದ್ರ, ಕೆಆರ್‌ಐಡಿಎಲ್ (ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿಯ ಸರ್ಕಾರಿ ಸಂಸ್ಥೆ) ಹೀಗೆ. ಸಭೆಗೆ ಬಂದ ಇಂಜಿನಿಯರ್ ಯಾವ ಕಚೇರಿಯವರು ಅಂತ ಮೊದಲು ಕೇಳಿಬಿಡಿ. ಒಂದು ಗಂಟೆ ಬೈದ ಮೇಲೆ "ಇದು ನಮ್ಮ ವರ್ಕ್ ಅಲ್ಲ" ಅಂದರೆ ಬೈದವರ ಗಂಟಲಷ್ಟೇ ನೋವು.

ಈ ರಸ್ತೆ ಯಾರಿಗೆ ಸೇರಿದ್ದು?

ವಾರ್ಡಿನ ಒಳಗಿನ ರಸ್ತೆ ಪಾಲಿಕೆಯದ್ದು. ದೊಡ್ಡ ರಸ್ತೆಗಳಲ್ಲಿ ಕೆಲವು ಲೋಕೋಪಯೋಗಿ ಇಲಾಖೆಯವು. ಹೊಸಪೇಟೆಯಿಂದ ಬಳ್ಳಾರಿ ಮೇಲೆ ಗುಂತಕಲ್ ಕಡೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 67, ಸಿರುಗುಪ್ಪದಿಂದ ಬಂದು ಹಿರಿಯೂರು ಕಡೆ ಹೋಗುವುದು 150ಎ. ಹೆದ್ದಾರಿಗೆ ಓಣಿ ಸೇರುವ ಮೂಲೆಯಲ್ಲಿ ಗುಂಡಿ ಬಿದ್ದರೆ ಎರಡೂ ಕಡೆಯವರು ಕೈ ತೊಳೆದುಕೊಳ್ಳುವ ಸಾಧ್ಯತೆ ಇರುತ್ತದೆ. ಅಂಥ ಜಾಗ ಇದ್ದರೆ ಎರಡೂ ಕಚೇರಿಗೆ ಒಂದೇ ಅರ್ಜಿ ಬರೆದು, ಪ್ರತಿ ಇನ್ನೊಬ್ಬರಿಗೆ ಹೋಗಿದೆ ಅಂತ ಕೆಳಗೆ ನಮೂದಿಸಿ.

ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ ಕೇಳಬೇಕಾ, ಡಾಂಬರ್ ಸಾಕಾ?

ಸಭೆಯಲ್ಲಿ ಅರ್ಧ ಹೊತ್ತು ಇದಕ್ಕೇ ಹೋಗುತ್ತದೆ. ಸಿಸಿ ಅಂದರೆ ಗಟ್ಟಿ, ಡಾಂಬರ್ ಅಂದರೆ ಮೋಸ ಅನ್ನುವ ನಂಬಿಕೆ ನಮ್ಮಲ್ಲಿ ಬೇರೂರಿದೆ. ಎರಡರಲ್ಲೂ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ.

ಡಾಂಬರಿಗೆ ನಿಂತ ನೀರು ಶತ್ರು. ನೀರು ಒಳಗಿಳಿದರೆ ಜಲ್ಲಿಗೆ ಅಂಟಿದ ಡಾಂಬರ್ ಬಿಡುತ್ತದೆ, ಕಲ್ಲು ಏಳುತ್ತದೆ, ಒಂದು ಕಲ್ಲು ಎದ್ದ ಜಾಗದಲ್ಲಿ ಗುಂಡಿ ಆಗುತ್ತದೆ. ಗಟಾರ ಉಕ್ಕುವ ಓಣಿಗೆ ಡಾಂಬರ್ ಹಾಕುವುದು ದುಡ್ಡನ್ನು ನೀರಿಗೆ ಹಾಕಿದ ಹಾಗೆಯೇ. ಆದರೆ ಹಾಕಿದ ದಿನವೇ ಓಡಾಡಬಹುದು, ಅಗೆದರೆ ತೇಪೆ ಹಾಕುವುದು ಸುಲಭ, ಮೊದಲ ಖರ್ಚು ಕಡಿಮೆ.

ಕಾಂಕ್ರೀಟ್ ನೀರಿಗೆ ಹೆದರುವುದಿಲ್ಲ, ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಮೆತ್ತಗಾಗುವುದಿಲ್ಲ. ಸರಿಯಾಗಿ ಹಾಕಿದರೆ ಇಪ್ಪತ್ತು ವರ್ಷ ತಿರುಗಿ ನೋಡಬೇಕಿಲ್ಲ. ಆದರೆ "ಸರಿಯಾಗಿ" ಅನ್ನುವುದರಲ್ಲೇ ಎಲ್ಲ ಇದೆ. ಕ್ಯೂರಿಂಗ್ ಆಗದ, ಅಂದರೆ ಹಾಕಿದ ಮೇಲೆ ದಿನಗಟ್ಟಲೆ ಒದ್ದೆ ಇಡದ ಕಾಂಕ್ರೀಟು ಒಳ್ಳೆಯ ಡಾಂಬರಿಗಿಂತ ಬೇಗ ಹಾಳಾಗುತ್ತದೆ. ಪೈಪ್ ಒಡೆದು ಒಮ್ಮೆ ಕತ್ತರಿಸಿದರೆ ಆ ಗಾಯ ಪೂರ್ತಿ ಮಾಯುವುದೇ ಇಲ್ಲ.

ನನ್ನನ್ನು ಕೇಳಿದರೆ ನೀರು ನಿಲ್ಲುವ, ಇಕ್ಕಟ್ಟಾದ ಹಳೇ ಓಣಿಗೆ ಸಿಸಿ. ನೀರಿನ ಪೈಪು, ಯುಜಿಡಿ (ಒಳಚರಂಡಿ) ಕೆಲಸ ಇನ್ನೂ ಮುಗಿಯದ ಹೊಸ ಬಡಾವಣೆಗೆ ಸದ್ಯಕ್ಕೆ ಜಲ್ಲಿ, ಗರಸು ಹಾಕಿ ರೋಲರ್ ಹೊಡೆಸಿಕೊಂಡು ಕಾಯುವುದು ಜಾಣತನ. ಇದನ್ನು ಸಭೆಯಲ್ಲಿ ಹೇಳಿದರೆ ನೆರೆಯವರೇ ಮೈಮೇಲೆ ಬರುತ್ತಾರೆ ಅನ್ನುವುದು ಬೇರೆ ವಿಷಯ.

ರಸ್ತೆ ಹಾಕಿ ಎರಡು ಮಳೆಗೆ ಬಿರುಕು ಬಿಡೋದು ಯಾಕೆ? ಸಿಮೆಂಟ್ ಕದಿಯೋದರಿಂದಾನಾ?

ಒಮ್ಮೊಮ್ಮೆ ಅದೂ ಇರಬಹುದು. ಆದರೆ ನಮ್ಮ ಕಡೆ ಮೊದಲು ಅನುಮಾನ ಪಡಬೇಕಾದ್ದು ಎರೆ ಮಣ್ಣಿನ ಮೇಲೆ.

ಎರೆ ಭೂಮಿಯಲ್ಲಿ ಹತ್ತಿ, ಜೋಳ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿ ಎಳೆ ಎಳೆ ಅಂಟು. ಅದೇ ಮಣ್ಣು ರಸ್ತೆಯ ಕೆಳಗೂ ಇರುತ್ತದೆ, ರಸ್ತೆ ಹಾಕಿದ ಮಾತ್ರಕ್ಕೆ ಅದು ತನ್ನ ಗುಣ ಬಿಡುವುದಿಲ್ಲ. ಅಂಚಿನ ಮಣ್ಣು ಗಟಾರದ ನೀರು ಕುಡಿದು ಉಬ್ಬುತ್ತದೆ, ನಡುವಿನ ಮಣ್ಣು ಒಣಗಿಯೇ ಇರುತ್ತದೆ, ಮೇಲಿನ ಕಾಂಕ್ರೀಟು ಒಂದು ಕಡೆ ಏಳುತ್ತದೆ ಇನ್ನೊಂದು ಕಡೆ ಕೂರುತ್ತದೆ, ಕೊನೆಗೆ ಉದ್ದಕ್ಕೆ ಸೀಳುತ್ತದೆ. ಅಂಚಿಗೆ ಸಮಾನಾಂತರವಾಗಿ ಉದ್ದನೆ ಬಿರುಕು ಕಂಡರೆ ಹೆಚ್ಚಿನ ಸಲ ಕಥೆ ಇದೇ.

ಪರಿಹಾರ ಹೊಸದೇನಲ್ಲ. ಎರೆ ಮಣ್ಣನ್ನು ಸಾಧ್ಯವಾದಷ್ಟು ಆಳ ತೆಗೆದು ಗರಸು ತುಂಬಿ ಪದರ ಪದರವಾಗಿ ರೋಲರ್ ಹೊಡೆಸುವುದು, ಇಲ್ಲವೇ ಮಣ್ಣಿಗೆ ಸುಣ್ಣ ಬೆರೆಸಿ ಅದರ ಉಬ್ಬುವ ಗುಣ ತಗ್ಗಿಸುವುದು. ಅದರ ಮೇಲೆ ನೀರು ಬಸಿಯುವಂಥ ಜಲ್ಲಿ ಪದರ, ಇಂಜಿನಿಯರ್‌ಗಳ ಬಾಯಲ್ಲಿ ಜಿಎಸ್‌ಬಿ. ಅದರ ಮೇಲೆ ಕಾಂಕ್ರೀಟು. ಎಸ್ಟಿಮೇಟ್‌ನಲ್ಲಿ ಮೊದಲು ಹುಡುಕಬೇಕಾದ್ದು ಈ ಸಾಲುಗಳನ್ನು. ಎಷ್ಟು ಸೆಂಟಿಮೀಟರ್ ಅಗೆತ, ಎಷ್ಟು ಗರಸು, ಎಷ್ಟು ಜಿಎಸ್‌ಬಿ. ಹಳೇ ಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟ್ ಸುರಿಯುವ ಎಸ್ಟಿಮೇಟ್ ಆಗಿದ್ದರೆ ಕಂಟ್ರಾಕ್ಟರ್ ಹರಿಶ್ಚಂದ್ರನೇ ಆಗಿದ್ದರೂ ರಸ್ತೆ ಉಳಿಯುವುದಿಲ್ಲ. ಸಭೆಯಲ್ಲಿ ಮೇಲಿನ ದಪ್ಪ ಆರಿಂಚೋ ಎಂಟಿಂಚೋ ಅಂತ ಗುದ್ದಾಡುತ್ತೇವೆ, ಕೆಳಗೆ ಏನಿದೆ ಅಂತ ಕೇಳುವವರೇ ಇಲ್ಲ.

ರಸ್ತೆ ಏರಿಸಿದರೆ ನಮ್ಮ ಮನೆ ತಗ್ಗಾಗುತ್ತೆ. ಇದನ್ನ ನಿಲ್ಲಿಸೋದು ಹೇಗೆ?

ಈ ಪಟ್ಟಿಯಲ್ಲಿ ಅತಿ ಮುಖ್ಯ ಪ್ರಶ್ನೆ ಇದೇ.

ಲೆಕ್ಕ ಸುಲಭ. ಹಳೇ ರಸ್ತೆ ಕೀಳದೆ ಮೇಲೆ 15 ಸೆಂಟಿಮೀಟರ್ ಜಲ್ಲಿ, 15 ಸೆಂಟಿಮೀಟರ್ ಕಾಂಕ್ರೀಟ್ ಹಾಕಿದರೆ ಒಂದು ಅಡಿ ಏರಿತು. ಹತ್ತು ವರ್ಷದ ಹಿಂದೆ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು. ನಮ್ಮಲ್ಲಿ ಮಳೆ ಬೀಳುವ ದಿನ ಕಡಿಮೆ, ಆದರೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಜೋರಾಗಿ ಸುರಿದರೆ ಸಾಕು, ರಸ್ತೆಯ ನೀರೆಲ್ಲ ತಗ್ಗಿನ ಮನೆಯ ಅಡುಗೆಮನೆಗೆ. ಹಣವಿದ್ದವರು ಮನೆ ಎತ್ತರಿಸಿಕೊಳ್ಳುತ್ತಾರೆ, ಇಲ್ಲದವರು ಹೊಸ್ತಿಲಿಗೆ ಇಟ್ಟಿಗೆ ಕಟ್ಟಿಕೊಳ್ಳುತ್ತಾರೆ. ಒಂದೇ ರಸ್ತೆಗೆ ಎದುರು ಬದುರು ಮನೆಯವರು ಜಗಳಕ್ಕೆ ಬೀಳುವುದೂ ಇಲ್ಲೇ.

ಕೇಳಬೇಕಾದ್ದು ಹೀಗೆ: ಹಳೇ ರಸ್ತೆಯನ್ನು ಅಗೆದು ತೆಗೆಯುವುದು ಎಸ್ಟಿಮೇಟ್‌ನಲ್ಲಿ ಇದೆಯಾ? ಮುಗಿದ ಮೇಲೆ ರಸ್ತೆಯ ಮಟ್ಟ ಎಷ್ಟಿರುತ್ತದೆ? "ಸ್ವಲ್ಪ ಏರಬಹುದು" ಅನ್ನುವ ಉತ್ತರ ಒಪ್ಪಬೇಡಿ. ಯಾವುದಾದರೂ ಕಾಂಪೌಂಡ್ ಗೋಡೆ, ಕರೆಂಟ್ ಕಂಬದ ಮೇಲೆ ಇಂಜಿನಿಯರ್ ಎದುರಿಗೇ ಬಣ್ಣದಲ್ಲಿ ಗೆರೆ ಹಾಕಿಸಿ, ಇದೇ ಮುಗಿದ ಮಟ್ಟ ಅಂತ. ಫೋಟೊ ತೆಗೆದಿಡಿ. ಆ ಮಟ್ಟವನ್ನು ಓಣಿಯ ಆ ತುದಿಗೆ ಒಯ್ಯಲು ದೊಡ್ಡ ಯಂತ್ರ ಬೇಕಿಲ್ಲ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ತುದಿ ಹಿಡಿದರೆ ಸಾಕು, ನೀರು ಸುಳ್ಳು ಹೇಳುವುದಿಲ್ಲ.

ಇಳಿಜಾರೂ ನೋಡಿ. ರಸ್ತೆ ನಡುವೆ ಎತ್ತರ, ಅಂಚಿಗೆ ತಗ್ಗು ಇರಬೇಕು. ಕಾಂಕ್ರೀಟಿಗೆ ಶೇ 2ರಷ್ಟು ಇಳಿಜಾರು ಅಂದರೆ ನಡುವಿನಿಂದ ಅಂಚಿಗೆ 3 ಮೀಟರ್ ಇದ್ದರೆ 6 ಸೆಂಟಿಮೀಟರ್ ತಗ್ಗಬೇಕು. ಕಣ್ಣಿಗೇ ಕಾಣುವಷ್ಟು.

ಗಟಾರ ಮೊದಲಾ, ರಸ್ತೆ ಮೊದಲಾ?

ಗಟಾರ. ಇದಕ್ಕೆ ಇನ್ನೊಂದು ಉತ್ತರ ಇಲ್ಲ. ರಸ್ತೆ ಒಂದು ಅನುದಾನದಲ್ಲಿ, ಗಟಾರ ಇನ್ನೊಂದರಲ್ಲಿ, ಎರಡಕ್ಕೂ ಬೇರೆ ಬೇರೆ ಕಂಟ್ರಾಕ್ಟರ್ ಆಗಿದ್ದರೆ ಯಾವುದು ಮೊದಲು ಶುರುವಾಗುತ್ತದೆ ಅನ್ನುವುದು ಯಾರ ಬಿಲ್ ಮೊದಲು ಆಗುತ್ತದೆ ಅನ್ನುವುದರ ಮೇಲೆ ನಿಂತುಬಿಡುತ್ತದೆ. ಗಟಾರ ಎಲ್ಲಿಗೆ ಹೋಗಿ ಸೇರುತ್ತದೆ ಅಂತಲೂ ಕೇಳಿ. ಓಣಿ ಕೊನೆಯವರೆಗೆ ಚೆಂದವಾಗಿ ಕಟ್ಟಿ, ಅಲ್ಲಿಂದ ಮುಂದೆ ದೊಡ್ಡ ಕಾಲುವೆಗೆ ದಾರಿಯೇ ಇಲ್ಲದಿದ್ದರೆ ಅದು ಗಟಾರ ಅಲ್ಲ, ಉದ್ದನೆಯ ತೊಟ್ಟಿ.

ಹೊಸ ರಸ್ತೆ ಹಾಕಿದ ತಿಂಗಳಿಗೆ ನೀರಿನವರು ಬಂದು ಅಗೀತಾರೆ. ಇದಕ್ಕೆ ಮದ್ದಿಲ್ವಾ?

ಇದೆ, ಆದರೆ ಮೊದಲೇ ಕುಡಿಯಬೇಕು. ರಸ್ತೆಯ ಕೆಳಗೆ ಕುಡಿಯುವ ನೀರಿನ ಪೈಪು, ಯುಜಿಡಿ, ಇಂಟರ್ನೆಟ್ ಕೇಬಲ್, ಕೆಲವು ಕಡೆ ಕರೆಂಟ್ ಕೇಬಲ್ ಇರುತ್ತವೆ. ನಮ್ಮಲ್ಲಿ ಕರೆಂಟ್ ಅಂದರೆ ಜೆಸ್ಕಾಂ. ನೀರು ಒಳಚರಂಡಿಯ ದೊಡ್ಡ ಕಾಮಗಾರಿಗಳಿಗೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಸಭೆಗೆ ಇವರನ್ನೂ ಕರೆಸಿ ಅಂತ ಲಿಖಿತವಾಗಿ ಕೇಳಿ. "ಮುಂದಿನ ಎರಡು ವರ್ಷದಲ್ಲಿ ಈ ಓಣಿಯಲ್ಲಿ ಅಗೆಯುವ ಕೆಲಸ ಇದೆಯಾ" ಅನ್ನುವುದು ಒಂದೇ ಪ್ರಶ್ನೆ. ಇದೆ ಅಂದರೆ ಅದು ಮುಗಿಯಲಿ, ರಸ್ತೆ ಆಮೇಲೆ ಬರಲಿ.

ಇದರ ಜೊತೆ ಓಣಿಯವರು ಮಾಡಬೇಕಾದ್ದೂ ಇದೆ. ಮನೆ ಮನೆಗೆ ಹೋಗಿ ಕೇಳಿ: ನಿಮ್ಮ ನಳದ ಸಂಪರ್ಕ ಹಳೇದಾ, ಸೋರುತ್ತದಾ, ಯುಜಿಡಿಗೆ ಸೇರಿಸಿದ್ದೀರಾ? ಖಾಲಿ ಸೈಟಿನವರಿಗೂ ಫೋನ್ ಮಾಡಿ, ರಸ್ತೆ ಹಾಕುವ ಮುಂಚೆ ಸಂಪರ್ಕ ಎಳೆದು ಮುಚ್ಚಿಡಲು ಹೇಳಿ. ಹೊಸ ಸಿಸಿ ರಸ್ತೆಯನ್ನು ಕತ್ತರಿಸುವವರು ಯಾವಾಗಲೂ ಸರ್ಕಾರದವರೇ ಅಲ್ಲ, ಅಲ್ವಾ? ರಸ್ತೆಗೆ ಅಡ್ಡಲಾಗಿ ಅಲ್ಲಲ್ಲಿ ಖಾಲಿ ಪೈಪು ಹೂತಿಡಿಸಿ. ಮುಂದೆ ಯಾವ ಕೇಬಲ್ ಬಂದರೂ ಅದರೊಳಗೆ ತೂರಿಸಬಹುದು. ಕಾಂಕ್ರೀಟಿನ ಖರ್ಚಿಗೆ ಹೋಲಿಸಿದರೆ ಈ ಪೈಪುಗಳ ಖರ್ಚು ಏನೇನೂ ಅಲ್ಲ.

ಅಗಲ ಮಾಡ್ತಾರಂತೆ. ಮನೆ ಮುಂದಿನ ಕಟ್ಟೆ, ಮೆಟ್ಟಿಲು ಒಡೀತಾರಾ?

ಕಟ್ಟೆ, ಮೆಟ್ಟಿಲು, ಗಟಾರದ ಮೇಲಿನ ಕಲ್ಲು ರಸ್ತೆಯ ಜಾಗದಲ್ಲಿದ್ದರೆ ಹೋಗುತ್ತವೆ. ಇದರಲ್ಲಿ ವಾದ ಮಾಡಿ ಉಪಯೋಗ ಇಲ್ಲ. ಗೋಡೆ, ಮನೆ ಅಂತ ಬಂದಾಗ ಮಾತ್ರ ಕಾನೂನು ನಿಮ್ಮ ಕಡೆಯೂ ಇದೆ.

ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಒಂದು ರಸ್ತೆ ಅಗಲೀಕರಣ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಕ್ರಮ ಹಾಕಿಕೊಟ್ಟಿದೆ. ಮೊದಲು ದಾಖಲೆ ಪ್ರಕಾರ ಈಗಿನ ರಸ್ತೆ ಎಷ್ಟು ಅಗಲ ಅಂತ ಗೊತ್ತು ಮಾಡಬೇಕು. ಸರ್ವೆ ಮಾಡಿ ಒತ್ತುವರಿ ಇದೆಯಾ ನೋಡಬೇಕು. ಇದ್ದರೆ ನೋಟಿಸ್ ಕೊಡಬೇಕು, ಆಕ್ಷೇಪಣೆ ಬಂದರೆ ಕಾರಣ ಕೊಟ್ಟು ಆದೇಶ ಮಾಡಬೇಕು, ಆಮೇಲೂ ತೆರವಿಗೆ ಸಮಯ ಕೊಡಬೇಕು. ಒತ್ತುವರಿ ಇಲ್ಲ, ರಸ್ತೆಗೆ ಜಾಗ ಸಾಲುತ್ತಿಲ್ಲ ಅಂತಾದರೆ ಭೂಮಿಯನ್ನು ಕಾನೂನು ಪ್ರಕಾರ ಸ್ವಾಧೀನ ಮಾಡಿಕೊಳ್ಳಬೇಕು. ಅದೇ ಪ್ರಕರಣದಲ್ಲಿ ಮನೆ ಕಳೆದುಕೊಂಡವರಿಗೆ 25 ಲಕ್ಷ ರೂಪಾಯಿ ಕೊಡುವಂತೆ ಕೋರ್ಟ್ ಹೇಳಿತು.

ಅದೇ ತಿಂಗಳು ಬಂದ ಇನ್ನೊಂದು ತೀರ್ಪು, ಜನ ಬುಲ್ಡೋಜರ್ ತೀರ್ಪು ಅನ್ನುವುದು, 15 ದಿನದ ನೋಟಿಸ್ ಬೇಕು ಅನ್ನುತ್ತದೆ. ಆದರೆ ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗದ ಮೇಲಿನ ಅನಧಿಕೃತ ಕಟ್ಟಡಕ್ಕೆ ಅದು ಅನ್ವಯ ಆಗುವುದಿಲ್ಲ ಅಂತಲೂ ಅದರಲ್ಲೇ ಇದೆ. ವಾಟ್ಸಾಪ್‌ನಲ್ಲಿ ಅರ್ಧ ತೀರ್ಪು ಮಾತ್ರ ಓಡಾಡುತ್ತದೆ, ಅದನ್ನು ನಂಬಿ ಸುಮ್ನೆ ಕೂರಬೇಡಿ. ಸೈಟಿನ ನಕ್ಷೆ, ಖಾತಾ, ಕಟ್ಟಡ ಪರವಾನಗಿ ಈಗಲೇ ಹುಡುಕಿ ಇಟ್ಟುಕೊಳ್ಳಿ.

ತಳ್ಳುಗಾಡಿಯವರನ್ನ ಎಬ್ಬಿಸಬೇಕು ಅಂತ ಕೆಲವರು, ಬೇಡ ಅಂತ ಕೆಲವರು.

ಮಿರ್ಚಿ ಬಂಡಿ ಬೇಕು, ನಮ್ಮ ಮನೆ ಮುಂದೆ ಬೇಡ. ಇದೇ ಅಲ್ವಾ ನಮ್ಮ ನಿಲುವು? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರನ್ನು ಸ್ಥಳಾಂತರ ಮಾಡಲು 30 ದಿನದ ನೋಟಿಸ್ ಬೇಕು, ವ್ಯಾಪಾರದ ಜಾಗ ಗುರುತಿಸುವ ಪಟ್ಟಣ ಸಮಿತಿಯಲ್ಲಿ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು. ರಸ್ತೆಯ ನಕ್ಷೆಯಲ್ಲೇ ಒಂದು ಬದಿ ಅವರಿಗೆ ಜಾಗ ಬಿಡಿಸಿದರೆ ಆಮೇಲಿನ ಜಗಳ ಅರ್ಧ ತಪ್ಪುತ್ತದೆ. ಫುಟ್‌ಪಾತ್ ಹಾಕುವುದಾದರೆ ಓಡಾಡಲು ಕನಿಷ್ಠ 1.8 ಮೀಟರ್ ಖಾಲಿ ಇರಬೇಕು ಅನ್ನುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅಂದರೆ ಐಆರ್‌ಸಿಯ ಮಾರ್ಗಸೂಚಿ. ನಡುವೆ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿದ ಮೇಲೆ ಎಷ್ಟು ಉಳಿಯುತ್ತದೆ ಅಂತ ಅಳೆದು ನೋಡಿ.

ಬೇವಿನ ಮರ ಕಡೀತಾರಂತೆ?

ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅನುಮತಿ ಪತ್ರ ತೋರಿಸಿ ಅನ್ನಿ. ಉಳಿಸಿಕೊಂಡ ಮರದ ಬುಡಕ್ಕೆ ಕಾಂಕ್ರೀಟ್ ಬಿಗಿದರೆ ಅದೂ ನಿಧಾನಕ್ಕೆ ಕೊಂದ ಹಾಗೆ. ದೆಹಲಿಯಲ್ಲಿ 2013ರಲ್ಲೇ ಹಸಿರು ನ್ಯಾಯಮಂಡಳಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂದಿತ್ತು. ಬಳ್ಳಾರಿ ಬಿಸಿಲಲ್ಲಿ ಒಂದು ಬೇವಿನ ನೆರಳಿಗೆ ಏನು ಬೆಲೆ ಅಂತ ಬೇರೆ ಊರಿನ ಕೋರ್ಟು ನಮಗೆ ಹೇಳಬೇಕಿಲ್ಲ.

ಲಾರಿ ನಮ್ಮ ಓಣಿಯಲ್ಲಿ ನುಗ್ಗದ ಹಾಗೆ ಮಾಡಬಹುದಾ?

ಮಾಡಲೇಬೇಕು. ಗಾಲಿಯ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು ಆಗುತ್ತದೆ ಅನ್ನುವುದು ಇಂಜಿನಿಯರ್‌ಗಳ ಹಳೇ ಲೆಕ್ಕ. ಸಾವಿರ ಬೈಕು ಓಡಾಡಿದರೂ ಏನೂ ಆಗದ ಓಣಿ ರಸ್ತೆ, ಅದಿರಿನದ್ದೋ ಮರಳಿನದ್ದೋ ತುಂಬಿದ ನಾಲ್ಕು ಟಿಪ್ಪರ್‌ಗೆ ಕೂರುತ್ತದೆ. ಗೋದಾಮು, ಜೀನ್ಸ್ ಘಟಕ, ಕಟ್ಟಡ ಸಾಮಗ್ರಿ ಅಂಗಡಿ ಇರುವ ಓಣಿಯಾದರೆ ಅದನ್ನು ಮೊದಲೇ ಹೇಳಿ. ಅಂಥ ಕಡೆ ದಪ್ಪವೇ ಜಾಸ್ತಿ ಬೇಕು. ಇಲ್ಲದಿದ್ದರೆ ಓಣಿಯ ಬಾಯಿಗೆ ಎತ್ತರ ತಡೆಯುವ ಕಮಾನು ಕೇಳಿ. ಅಂಬುಲೆನ್ಸ್, ಅಗ್ನಿಶಾಮಕ ವಾಹನ ಒಳಗೆ ಬರುವಷ್ಟು ಎತ್ತರ ಇರಲಿ.

ಹಂಪ್ ಹಾಕಿಸಿಕೊಳ್ಳೋಣ್ವಾ?

ಮನೆಗೊಂದು ಹಂಪ್ ಬೇಡ. ಐಆರ್‌ಸಿ ಮಾರ್ಗಸೂಚಿಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲೆ ಬಣ್ಣದ ಪಟ್ಟಿ. ಉಳಿದ ಸಿಮೆಂಟ್‌ನಲ್ಲಿ ರಾತ್ರಿ ಹಾಕಿಸುವ ಗುಡ್ಡ ಹಂಪ್ ಅಲ್ಲ, ಬಾಣಂತಿಯರಿಗೆ ಶಿಕ್ಷೆ.

ಎಸ್ಟಿಮೇಟ್ ಕೇಳಿದರೆ ಕೊಡಲ್ಲ ಅಂತಾರೆ.

ಮೊದಲು ಸೌಜನ್ಯದಿಂದಲೇ ಕೇಳಿ, ಕೆಲವರು ಕೊಡುತ್ತಾರೆ. ಟೆಂಡರ್ ಪ್ರಕಟಣೆ ರಾಜ್ಯದ ಆನ್‌ಲೈನ್ ಖರೀದಿ ಪೋರ್ಟಲ್‌ನಲ್ಲಿ ಇರುತ್ತದೆ, ಅಲ್ಲೂ ಹುಡುಕಿ. ಸಿಗದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಆದ್ದರಿಂದ ನಿಮ್ಮ ಸಿಟ್ಟನ್ನೆಲ್ಲ ಅರ್ಜಿಯಲ್ಲಿ ಬರೆಯಬೇಡಿ. ಎಸ್ಟಿಮೇಟ್, ವರ್ಕ್ ಆರ್ಡರ್, ಅಳತೆ ಪುಸ್ತಕ, ಗುಣಮಟ್ಟ ಪರೀಕ್ಷೆಯ ವರದಿ, ಇವುಗಳ ಪ್ರತಿ ಕೊಡಿ ಅಂದರೆ ಸಾಕು.

ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಒಂದು ಮಾತು: 2005ರ ಈ ಕಾಯ್ದೆಯ 2(ಜೆ) ಪ್ರಕಾರ ಮಾಹಿತಿ ಅಂದರೆ ಕಾಗದ ಮಾತ್ರ ಅಲ್ಲ. ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಅರ್ಜಿಯಲ್ಲಿ ಇದನ್ನು ಬರೆದು ನೋಡಿ, ಮುಂದಿನ ಸಭೆಯಲ್ಲಿ ಕುರ್ಚಿ ಹಾಕಿ ಮಾತಾಡಿಸುತ್ತಾರೆ.

ಸಭೆಯಲ್ಲಿ ಹೇಗೆ ಮಾತಾಡಬೇಕು?

ಅಧಿಕಾರಿಗಳ ಬಾಯಲ್ಲಿ ಮೂರು ಮಾತು ಯಾವಾಗಲೂ ಬರುತ್ತವೆ. "ಎಸ್ಟಿಮೇಟಲ್ಲಿ ಇಲ್ಲ." ಸರಿ, ಹಾಗಾದರೆ ಪರಿಷ್ಕೃತ ಎಸ್ಟಿಮೇಟ್ ಯಾರು ಮಾಡಬೇಕು, ಯಾರಿಗೆ ಅರ್ಜಿ ಕೊಡಬೇಕು? "ಅನುದಾನ ಇಷ್ಟೇ ಇರೋದು." ಆಗಲಿ, ಇಷ್ಟರಲ್ಲೇ ಉದ್ದ ಕಡಿಮೆ ಮಾಡಿ, ಅಡಿಪಾಯ ಸರಿ ಮಾಡಿ. ನೂರು ಮೀಟರ್ ಗಟ್ಟಿ ರಸ್ತೆ ಇನ್ನೂರು ಮೀಟರ್ ತೆಳು ರಸ್ತೆಗಿಂತ ಮೇಲು. ಓಣಿಯ ಆ ತುದಿಯವರು ಒಪ್ಪುವುದು ಕಷ್ಟ, ಅದನ್ನು ಸಭೆಗೆ ಮುಂಚೆ ನೀವೇ ಬಗೆಹರಿಸಿಕೊಳ್ಳಬೇಕು. ಮೂರನೆಯದು, "ಮೇಲಿನವರಿಗೆ ತಿಳಿಸ್ತೀವಿ." ಇದಕ್ಕೆ ಒಂದೇ ಉತ್ತರ. ನಡಾವಳಿಯಲ್ಲಿ ಬರೆಯಿರಿ ಸರ್, ನಾವೂ ಸಹಿ ಹಾಕ್ತೀವಿ. ಬರೆಯದೆ ಎದ್ದುಹೋದರೆ ನೀವೇ ಅದೇ ದಿನ ಅರ್ಜಿಯ ರೂಪದಲ್ಲಿ ಬರೆದು ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಬಂದ ಜೆಇಯನ್ನು (ಜೂನಿಯರ್ ಇಂಜಿನಿಯರ್) ಒಬ್ಬಂಟಿ ಮಾಡಿ ಬಡಿಯಬೇಡಿ. ನಗರದಲ್ಲಿ 39 ವಾರ್ಡ್‌ಗಳಿವೆ, ಇಂಜಿನಿಯರ್‌ಗಳು ಅಷ್ಟಿಲ್ಲ. ಎಷ್ಟೋ ಸಲ ನೀವು ಹೇಳಿದ್ದು ಸರಿ ಅಂತ ಅವರಿಗೂ ಗೊತ್ತಿರುತ್ತದೆ. ನಿಮ್ಮ ಅರ್ಜಿ ಕೈಯಲ್ಲಿದ್ದರೆ ಅವರೂ ಮೇಲಿನವರ ಮುಂದೆ ಅದನ್ನೇ ತೋರಿಸಿ ಮಾತಾಡಬಹುದು.

ಹೆಂಗಸರನ್ನು ಸಭೆಗೆ ಕರೆಯಿರಿ, ಹಿಂದೆ ಕೂರಿಸಬೇಡಿ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಗಟಾರ ಎಲ್ಲಿ ಕಟ್ಟುತ್ತದೆ, ಮಕ್ಕಳು ಯಾವ ಮೂಲೆಯಲ್ಲಿ ಬೀಳುತ್ತಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಮೈಕ್ ಹಿಡಿದವರಿಗೆ ಗೊತ್ತಿರುವುದಿಲ್ಲ.

ವಾರ್ಡ್ ಸಮಿತಿ ಅಂತ ಏನೋ ಇರುತ್ತಂತಲ್ಲ?

3 ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನುವುದು ಸಂವಿಧಾನದ 243ಎಸ್ ವಿಧಿ. ಬಳ್ಳಾರಿ 2011ರ ಜನಗಣತಿಯಲ್ಲೇ 4 ಲಕ್ಷ ದಾಟಿತ್ತು. ನಿಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದಾರೆ, ಹಿಂದಿನ ಸಭೆ ಯಾವಾಗ ಆಯಿತು ಅಂತ ಕೇಳಿ. ಉತ್ತರ ಏನೇ ಬರಲಿ, ಕೇಳಿದ್ದು ದಾಖಲಾಗುತ್ತದೆ.

ಕೆಲಸ ನಡೆಯುವಾಗ ನಮಗೆ ಏನು ಗೊತ್ತಾಗುತ್ತೆ?

ತುಂಬಾ ಗೊತ್ತಾಗುತ್ತದೆ. ಕಾಂಕ್ರೀಟ್ ಸುರಿಯುವ ಮುಂಚೆ ಪಕ್ಕದ ಹಲಗೆಯ ಎತ್ತರ ಟೇಪ್ ಹಿಡಿದು ಅಳೆಯಿರಿ, ಅದೇ ದಪ್ಪ. ಅಂಚಿನಲ್ಲಷ್ಟೇ ಅಲ್ಲ, ಎರಡು ಹಲಗೆಗೆ ದಾರ ಕಟ್ಟಿ ನಡುವೆಯೂ ಅಳೆಯಿರಿ. ಕಾಂಕ್ರೀಟಿಗೆ ಮೇಲಿಂದ ಪೈಪಿನಲ್ಲಿ ನೀರು ಬಿಟ್ಟು ತೆಳ್ಳಗೆ ಮಾಡಿದರೆ ತಕ್ಷಣ ತಡೆಯಿರಿ, ಬಲ ಅಲ್ಲೇ ಹೋಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಸುರಿಯಲು ಬಿಡಬೇಡಿ, ಬೆಳಗ್ಗೆ ಬೇಗ ಇಲ್ಲವೇ ಸಂಜೆ ಮಾಡಲಿ. ನಮ್ಮ ಬಿಸಿಗಾಳಿಗೆ ಮೇಲ್ಮೈ ಗಟ್ಟಿಯಾಗುವ ಮುಂಚೆಯೇ ಒಣಗಿ ಕೂದಲೆಳೆ ಬಿರುಕು ಬರುತ್ತದೆ.

ಸುಮಾರು ನಾಲ್ಕು ಮೀಟರ್‌ಗೊಂದು ಅಡ್ಡ ಗೆರೆ ಕತ್ತರಿಸಬೇಕು, ಅದೂ ಒಂದು ದಿನದೊಳಗೆ. ಕಾಂಕ್ರೀಟ್ ಹೇಗಿದ್ದರೂ ಕುಗ್ಗುತ್ತದೆ, ಗೆರೆ ಇದ್ದರೆ ಅಲ್ಲಿ ಸೀಳುತ್ತದೆ, ಇಲ್ಲದಿದ್ದರೆ ತನಗೆ ಬೇಕಾದ ಕಡೆ ಸೀಳುತ್ತದೆ. ಕ್ಯೂರಿಂಗ್ ಕನಿಷ್ಠ 14 ದಿನ. ಗೋಣಿಚೀಲ ಹಾಸಿ ಒದ್ದೆ ಇಡಬೇಕು, ಇಲ್ಲವೇ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಕು. ಬೆಳಗ್ಗೆ ಒಂದು ಸಲ ಟ್ಯಾಂಕರ್ ಚಿಮುಕಿಸಿ ಹೋದರೆ ಹತ್ತು ಗಂಟೆಗೆ ಒಣಗಿರುತ್ತದೆ. ನಳದಲ್ಲಿ ನೀರೇ ಬರದ ದಿನ ರಸ್ತೆಗೆ ನೀರು ಕುಡಿಸುವುದು ನೋಡಲು ಸಂಕಟ ಆಗುತ್ತದೆ, ಆದರೂ ಬಿಡಬೇಡಿ. ಆ ನೀರಿನ ಜವಾಬ್ದಾರಿ ಕಂಟ್ರಾಕ್ಟರನದ್ದು, ಓಣಿಯವರ ಬೋರಿನದ್ದಲ್ಲ.

ಭಾರಿ ವಾಹನಕ್ಕೆ 28 ದಿನ ಬಿಡಬೇಡಿ. ಮದುವೆ ಇದ್ದವರು ದಿನಾಂಕ ಮೊದಲೇ ಹೇಳಿದರೆ ಅರ್ಧರ್ಧ ಓಣಿ ಮಾಡಿಸಬಹುದು. ಮೂರನೇ ದಿನ ಹಲಗೆ ಸರಿಸಿ ಕಾರು ಒಯ್ಯುವವರು ಪ್ರತಿ ಓಣಿಯಲ್ಲೂ ಒಬ್ಬರು ಇರುತ್ತಾರೆ. ಅವರು ಯಾರು ಅಂತ ನಿಮಗೆ ಈಗಲೇ ಗೊತ್ತು.

ಕಳಪೆ ಅನ್ನಿಸಿದರೆ ಸಾಬೀತು ಮಾಡೋದು ಹೇಗೆ?

ಕೋರ್ ಟೆಸ್ಟ್ ಕೇಳಿ. ಗಟ್ಟಿಯಾದ ರಸ್ತೆಯಿಂದ ಉರುಳೆಯಾಕಾರದ ತುಂಡು ಕೊರೆದು ತೆಗೆದು ಒತ್ತಿ ನೋಡುತ್ತಾರೆ. ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ತುಂಡುಗಳ ಸರಾಸರಿ ಬಲ ನಿಗದಿಯಾದ ಬಲದ ಶೇ 85ರಷ್ಟಾದರೂ ಇರಬೇಕು, ಯಾವ ಒಂದು ತುಂಡೂ ಶೇ 75ಕ್ಕಿಂತ ಕೆಳಗೆ ಇಳಿಯಬಾರದು. ಆ ತುಂಡಿನ ಉದ್ದ ನೋಡಿದರೆ ದಪ್ಪವೂ ಗೊತ್ತಾಗುತ್ತದೆ. ಎಲ್ಲಿ ಕೊರೆಯಬೇಕು ಅನ್ನುವುದನ್ನು ಕಂಟ್ರಾಕ್ಟರ್ ತೋರಿಸಬಾರದು, ಓಣಿಯವರು ತೋರಿಸಬೇಕು.

ದೂರು ಎಲ್ಲಿಗೆ?

ಮೊದಲು ಕಾಮಗಾರಿ ಮಾಡಿಸುವ ಕಚೇರಿಗೆ ಲಿಖಿತ ದೂರು. ಆಮೇಲೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದುಡ್ಡಿನ ಅಕ್ರಮದ ದಾಖಲೆ ಕೈಯಲ್ಲಿದ್ದರೆ ಲೋಕಾಯುಕ್ತ. ಅಲ್ಲಿ ನಿಗದಿತ ನಮೂನೆ ಮತ್ತು ಪ್ರಮಾಣಪತ್ರ ಬೇಕು, ಬರೀ ಸಹಿ ಸಂಗ್ರಹ ಸಾಲದು.

ಕೆಲಸ ಮುಗಿದು ಬೋರ್ಡ್ ಹಾಕಿದರು. ಇನ್ನು ನಮ್ಮ ಕೆಲಸ ಮುಗೀತಲ್ವಾ?

ಟೆಂಡರ್ ಪತ್ರದಲ್ಲಿ ದೋಷ ಹೊಣೆ ಅವಧಿ ಅಂತ ಇರುತ್ತದೆ. ಅಷ್ಟು ದಿನದೊಳಗೆ ಹಾಳಾದರೆ ಕಂಟ್ರಾಕ್ಟರ್ ತನ್ನ ಖರ್ಚಿನಲ್ಲೇ ಸರಿ ಮಾಡಬೇಕು, ಅವನ ಭದ್ರತಾ ಠೇವಣಿ ಅಲ್ಲಿಯವರೆಗೆ ಸರ್ಕಾರದ ಹತ್ತಿರವೇ ಇರುತ್ತದೆ. ಆ ಅವಧಿ ಮುಗಿಯುವ ತಾರೀಖನ್ನು ಓಣಿಯ ನಾಲ್ಕು ಮನೆಯ ಕ್ಯಾಲೆಂಡರ್‌ನಲ್ಲಿ ಬರೆಸಿ. ಅದಕ್ಕೆ ಎರಡು ತಿಂಗಳು ಮುಂಚೆ ಎಲ್ಲರೂ ಒಂದು ಸುತ್ತು ನಡೆದು ಬಿರುಕು, ತಗ್ಗು, ಕೂತ ಚೇಂಬರ್ ಎಲ್ಲದರ ಫೋಟೊ ತೆಗೆದು ದೂರು ಕೊಡಿ. ಠೇವಣಿ ವಾಪಸ್ ಹೋದ ಮೇಲೆ ಫೋನ್ ಎತ್ತುವವರೂ ಇರುವುದಿಲ್ಲ.